ಅಮೋನೈಟಿನ ಚಿಪ್ಪು ಮಾತ್ರ ಸಿಗೋದಾದ್ರೆ ಅದರ ಕಣ್ಣು, ಕೈ ಎಲ್ಲಾ ಹೇಗೆ ಬರೀತಾರೆ?

ಅಮೋನೈಟ್ ಅಂದ್ರೆ ಕೋಟ್ಯಂತರ ವರ್ಷದ ಹಿಂದೆ ಸಮುದ್ರದಲ್ಲಿದ್ದು ಅಳಿದುಹೋದ ಚಿಪ್ಪಿನ ಜೀವಿ. ನೀವು ಕೇಳಿರೋದು ಅದರ ಚಿತ್ರಗಳಲ್ಲಿರೋ ಕೈ, ಕಣ್ಣು, ಬಣ್ಣ ಎಲ್ಲಾ ಬರೀ ಊಹೆನಾ ಅಂತ. ಪೂರ್ತಿ ಊಹೆ ಅಲ್ಲ, ಆದ್ರೆ ಒಂದೊಂದು ಭಾಗಕ್ಕೆ ಒಂದೊಂದು ಥರ ಆಧಾರ ಇದೆ. ಹವ್ಯಾಸಕ್ಕೆ ಇವುಗಳ ಚಿತ್ರ ಬರೀತೀನಿ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ. (ಮನೇಲಿ ಸಾಲಿಗ್ರಾಮ ಇದ್ರೆ ಗೊತ್ತಿರುತ್ತೆ, ನೇಪಾಳದ ಗಂಡಕಿ ನದಿಯ ಆ ಕಪ್ಪು ಕಲ್ಲಲ್ಲಿ ಕಾಣೋ ಚಕ್ರ ಅಮೋನೈಟ್ ಚಿಪ್ಪಿಂದೇ.)

ಹಳೇ ಚಿತ್ರಗಳಲ್ಲಿ ಈಗ್ಲೂ ಬದುಕಿರೋ, ಸುರುಳಿ ಚಿಪ್ಪಿನ ಕಡಲಜೀವಿ ನಾಟಿಲಸ್‌ನ ನೋಡ್ಕೊಂಡು ಹಂಗೇ ಇಳಿಸಿಬಿಟ್ಟಿದ್ದಾರೆ, 90ರ ಹತ್ರ ಎಳೆ ಎಳೆ ಕೈ, ತಲೆ ಮೇಲೆ ಟೋಪಿ ಥರ ದಪ್ಪ ಚರ್ಮ. ಚಿಪ್ಪು ಹೊರಗಿಂದ ಒಂದೇ ಥರ ಕಂಡ್ರೂ ಅಮೋನೈಟು ಸ್ಕ್ವಿಡ್, ಆಕ್ಟೋಪಸ್‌ಗಳಿಗೇ ಹತ್ತಿರದ ನೆಂಟ. ನಂಗೆ ತುಂಬಾ ಇಷ್ಟದ ಸಾಕ್ಷಿ ಬಾಯೊಳಗಿದೆ. ಇವುಗಳ ನಾಲಿಗೆ ಮೇಲೆ ಸಣ್ಣ ಹಲ್ಲಿನ ಸಾಲುಗಳಿರುತ್ತೆ, ರಾಡ್ಯುಲ ಅಂತಾರೆ, ನಾಟಿಲಸ್‌ಗೆ ಒಂದು ಸಾಲಲ್ಲಿ 13 ತುಂಡು, ಸ್ಕ್ವಿಡ್ ಕಡೆಯವಕ್ಕೆ 9, ಅಮೋನೈಟ್‌ಗೂ 9. ಅಮೆರಿಕದ ಸೌತ್ ಡಕೋಟದಲ್ಲಿ ಸಿಕ್ಕಿದ್ದ ಬ್ಯಾಕ್ಯುಲೈಟಿಸ್ ಅನ್ನೋ ನೆಟ್ಟಗಿನ ಚಿಪ್ಪಿನ ಅಮೋನೈಟ್‌ನ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸಿಂಕ್ರೊಟ್ರಾನ್ ಅನ್ನೋ ದೊಡ್ಡ ಯಂತ್ರದ ತುಂಬಾ ತೀಕ್ಷ್ಣ ಎಕ್ಸ್‌ರೇಲಿ ಸ್ಕ್ಯಾನ್ ಮಾಡಿ 2011ರಲ್ಲಿ ಪ್ರಕಟಿಸಿದ್ರು, ದವಡೆ ಹಲ್ಲು ಎಲ್ಲಾ ಕಾಣಿಸಿದ್ದಲ್ದೆ ಬಾಯಲ್ಲಿ ಪುಟ್ಟ ಬಸವನಹುಳದ ಮರಿ, ಸೀಗಡಿ ಬಳಗದ ಸಣ್ಣ ಜೀವಿಯ ಚೂರುಗಳೂ ಇದ್ವು! ಅಂದ್ರೆ ಇದು ತೇಲೋ ಚಿಕ್ಕ ಚಿಕ್ಕ ಜೀವಿಗಳನ್ನ ತಿಂತಿತ್ತು, ಹಾಗಾಗಿ ಇದು ದೊಡ್ಡ ಮೀನು ಹಿಡಿದಿರೋ ಹಾಗೆ ಯಾರಾದ್ರೂ ಬರೆದ್ರೆ ನಾನು ಒಪ್ಪಲ್ಲ.

ಇನ್ನು ಮಾಂಸಖಂಡ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ 1998ರಲ್ಲಿ ಸಿಕ್ಕ, ಸುಮಾರು 16.5 ಕೋಟಿ ವರ್ಷ ಹಳೇ ಅಮೋನೈಟ್‌ನ ನ್ಯೂಟ್ರಾನ್ ಕಿರಣ ಮತ್ತೆ ಎಕ್ಸ್‌ರೇಲಿ ನೋಡಿ 2021ರಲ್ಲಿ ಪ್ರಕಟಿಸಿದ್ರು, ದೇಹನ ಚಿಪ್ಪೊಳಗೆ ಎಳ್ಕೊಳ್ಳೋ ಜೋಡಿ ಸ್ನಾಯು, ನೀರು ಚಿಮ್ಮಿಸಿ ಈಜೋಕೆ ಬೇಕಾದ ಕೊಳವೆ ಇವೆಲ್ಲಾ ಒಳಗೇ ಉಳಿದಿತ್ತು.

ನೀರಲ್ಲಿ ಮುಖ ಎತ್ತ ಕಡೆ ಇತ್ತು ಅನ್ನೋದು ಲೆಕ್ಕದಿಂದ ಬರುತ್ತೆ. ಚಿಪ್ಪಿನ ಕೊನೇ ಗೋಡೆಯಿಂದ ಬಾಯಿವರೆಗಿನ ಕೋಣೇಲೇ ಪ್ರಾಣಿ ಇರೋದು, ಹಿಂದಿನ ಕೋಣೆಗಳಲ್ಲಿ ಗಾಳಿ, ಪ್ರಾಣಿ ಇದ್ದ ಕೋಣೆ ಎಷ್ಟು ಉದ್ದ ಅಂತ ಅಳೆದು ಭಾರ ಎಲ್ಲಿ ತೂಗುತ್ತೆ, ತೇಲೋ ಬಲ ಎಲ್ಲಿ ಅಂತ ತೆಗೀತಾರೆ, ಭಾರದ ಕಡೆ ಕೆಳಗೆ ಬರೋದ್ರಿಂದ ಮುಖದ ದಿಕ್ಕು ಗೊತ್ತಾಗುತ್ತೆ.

ಕೈ 10 ಅಂತ ಬರೆಯೋದು ನೆಂಟಸ್ತಿಕೆ ನೋಡಿ, ಸ್ಕ್ವಿಡ್‌ಗೆ 10, ನಾಟಿಲಸ್ ಕೂಡ ಮೊಟ್ಟೆಯೊಳಗೆ 10 ಮೊಗ್ಗಿಂದಲೇ ಶುರುವಾಗುತ್ತೆ. ಕಣ್ಣಿಗೂ ಇದೇ ದಾರಿ. ಬಣ್ಣ ಮಾತ್ರ ಅಪರೂಪಕ್ಕೆ ಕೆಲವು ಚಿಪ್ಪುಗಳಲ್ಲಿ ಪಟ್ಟೆಯಾಗಿ ಉಳಿದಿದೆ, ಉಳಿದ ಕಡೆ ಚಿತ್ರಗಾರರದೇ ಆಯ್ಕೆ, ಅದನ್ನ ಚಿತ್ರದ ಕೆಳಗೇ ಬರೆದುಬಿಡಬೇಕು ಅನ್ನೋದು ನನ್ನ ಅಭಿಪ್ರಾಯ.