ಗ್ಯಾಸ್ ಕೊಳವೆಗೆ ಸಾಲ ಯಾರನ್ನು ನೋಡಿ ಕೊಡುತ್ತಾರೆ?

ಕುಮಟಾದ ಓದುಗರೊಬ್ಬರ ಪತ್ರ: ‘ವಿಶ್ವಬ್ಯಾಂಕಿನಂಥವರು ಗ್ಯಾಸಿಗೆ ಸಾಲ ಕೊಡುವುದನ್ನೇ ನಿಲ್ಲಿಸಿದ್ದಾರಂತೆ. ಹಾಗಿದ್ದರೆ ನಮ್ಮಂಥ ದೇಶಗಳಲ್ಲಿ ಕೊಳವೆ, ಹಡಗಿನಲ್ಲಿ ಬರುವ ದ್ರವ ಗ್ಯಾಸನ್ನು ಇಳಿಸಿಕೊಂಡು ಮತ್ತೆ ಅನಿಲವಾಗಿಸುವ ಟರ್ಮಿನಲ್ ಕಟ್ಟಲು ದುಡ್ಡು ಯಾರದ್ದು? ಧಾರವಾಡಕ್ಕೆ ಬಂದ ಕೊಳವೆ ಗ್ಯಾಸು ಘಟ್ಟ ಇಳಿಯಲು ಇಷ್ಟು ತಡವೇಕೆ? ಕಾರವಾರದಲ್ಲೇ ಒಂದು ಟರ್ಮಿನಲ್ ಕಟ್ಟಿದರೆ ಆಗುವುದಿಲ್ಲವೇ?’

ಸಂಪಾದಕರ ಉತ್ತರ:

ನೀವು ಕೇಳಿದ ಸುದ್ದಿ ಅರ್ಧ ನಿಜ. ವಿಶ್ವಬ್ಯಾಂಕು 2017ರ ಡಿಸೆಂಬರಿನಲ್ಲಿ ಹೇಳಿದ್ದು, 2019ರ ನಂತರ ತೈಲ ಮತ್ತು ಅನಿಲವನ್ನು ಹುಡುಕಿ ಹೊರತೆಗೆಯುವ ಕೆಲಸಕ್ಕೆ ಸಾಲ ಇಲ್ಲ ಎಂದು. ಕೊಳವೆ, ವಿತರಣೆ ಆ ಮಾತಿನೊಳಗೆ ಬರಲಿಲ್ಲ. ಯುರೋಪಿನ ಹೂಡಿಕೆ ಬ್ಯಾಂಕು ಇನ್ನೂ ಬಿಗಿಯಾಯಿತು; 2021ರ ಕೊನೆಗೆ ಬಹುತೇಕ ಬಾಗಿಲು ಹಾಕಿತು. ಭಾರತಕ್ಕೆ ಇದರ ಬಿಸಿ ಅಷ್ಟಾಗಿ ತಟ್ಟಲಿಲ್ಲ. ಇಲ್ಲಿ ಹೆಚ್ಚಿನ ದುಡ್ಡು ಸಾರ್ವಜನಿಕ ಕಂಪನಿಗಳ ಬಂಡವಾಳ ಮತ್ತು ದೇಶದೊಳಗಿನ ಬ್ಯಾಂಕುಗಳ ಸಾಲ. ಲಾಭ ಗಿಟ್ಟದ ಕಡೆ ಸರ್ಕಾರ ಕೈಹಾಕುತ್ತದೆ: ಪೂರ್ವ ಭಾರತದ ಜಗದೀಶಪುರ–ಹಲ್ದಿಯಾ ಕೊಳವೆಗೆ 2016ರಲ್ಲಿ ವೆಚ್ಚದ ಶೇ. 40, ಈಶಾನ್ಯದ ಜಾಲಕ್ಕೆ 2020ರಲ್ಲಿ ಶೇ. 60 ಅನುದಾನ ಮಂಜೂರಾಯಿತು.

ಸಾಮಾನ್ಯವಾಗಿ ಇಂಥ ಯೋಜನೆಗೆ 100 ರೂಪಾಯಿ ಬೇಕೆಂದರೆ 30 ಯೋಜನೆ ಕಟ್ಟುವ ಪ್ರವರ್ತಕರದ್ದು, 70 ಸಾಲ. ಆ 70 ಕೊಡುವವರು ನೆಲದೊಳಗೆ ಎಷ್ಟು ಗ್ಯಾಸಿದೆ ಎಂದು ಮೊದಲು ಕೇಳುವುದಿಲ್ಲ. ಯಾರು ಕೊಳ್ಳುತ್ತೇವೆಂದು ಸಹಿ ಹಾಕಿದ್ದಾರೆ, ಅವರ ಜೇಬಿನಲ್ಲಿ ದುಡ್ಡಿದೆಯೇ ಎಂದು ಕೇಳುತ್ತಾರೆ. ‘ಟೇಕ್ ಆರ್ ಪೇ’ ಕರಾರು ಎಂದರೆ ಇದೇ: ಒಪ್ಪಿದಷ್ಟು ಗ್ಯಾಸು ಎತ್ತದಿದ್ದರೂ ಹಣ ಕಟ್ಟಬೇಕು. ಗೊಬ್ಬರದ ಕಾರ್ಖಾನೆ, ವಿದ್ಯುತ್ ಸ್ಥಾವರದಂಥವು ಇಂಥ ಸಹಿ ಹಾಕಬಲ್ಲವು, ಮನೆಗಳು ಹಾಕಲಾರವು. ಆಗದ ವ್ಯಾಪಾರದ ನಷ್ಟವನ್ನು ಯಾರು ಹೊರಬೇಕು ಎಂಬುದಷ್ಟೇ ಈ ಕರಾರುಗಳ ತಿರುಳು.

ಮಹಾರಾಷ್ಟ್ರ ಕರಾವಳಿಯ ದಾಭೋಳದ ವಿದ್ಯುತ್ ಸ್ಥಾವರದಲ್ಲಿ ಹೊತ್ತವರು ಸೋತರು. ಅಲ್ಲಿನ ವಿದ್ಯುತ್ತನ್ನು ಡಾಲರಿಗೆ ಜೋತುಬಿದ್ದ ದರದಲ್ಲಿ ಕೊಳ್ಳಲು ಮಹಾರಾಷ್ಟ್ರದ ವಿದ್ಯುತ್ ಮಂಡಳಿ ಒಪ್ಪಿತ್ತು. ಬಿಲ್ಲು ಕಟ್ಟಲಾಗದೆ ಜಗಳವಾಗಿ 2001ರಲ್ಲಿ ಸ್ಥಾವರವೇ ನಿಂತಿತು. 2022ರಲ್ಲಿ ಬಾಂಗ್ಲಾದೇಶಕ್ಕೂ ಡಾಲರೇ ಮುಳುವಾಯಿತು. ತೇಲುವ ಟರ್ಮಿನಲ್ ಇತ್ತು, ಗಿರಾಕಿಯೂ ಇದ್ದ, ಆದರೆ ಅಂದಂದಿನ ಮಾರುಕಟ್ಟೆಯ ಬೆಲೆ ಕೊಡಲಾಗದೆ ಸ್ಪಾಟ್ ಖರೀದಿ ನಿಲ್ಲಿಸಬೇಕಾಯಿತು. ಇಂಥ ಟರ್ಮಿನಲ್‌ಗಳಿಗೆ ಹಡಗು ಬರಲಿ ಬಿಡಲಿ, ಬಾಡಿಗೆ ಓಡುತ್ತಲೇ ಇರುತ್ತದೆ.

ಇನ್ನು ಕಾರವಾರದ ಟರ್ಮಿನಲ್. ಇದಕ್ಕೆ ಕೊಚ್ಚಿಯನ್ನು ನೋಡಿದರೆ ಸಾಕು. ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯದ ಟರ್ಮಿನಲ್ ಅಲ್ಲಿ 2013ರಲ್ಲೇ ಸಿದ್ಧವಾಯಿತು. ಗ್ಯಾಸು ಸಾಗಿಸಬೇಕಿದ್ದ ಕೊಚ್ಚಿ–ಮಂಗಳೂರು ಕೊಳವೆ, ಸುಮಾರು 450 ಕಿ.ಮೀ., ಉದ್ಘಾಟನೆಯಾದದ್ದು 2021ರ ಜನವರಿ 5ರಂದು. ನಡುವಿನ ಏಳು ವರ್ಷ ಟರ್ಮಿನಲ್ ಬಹುಪಾಲು ಖಾಲಿ ಕೂತಿತು. ಜಮೀನಿನ ತಕರಾರುಗಳ ಬಳಿಕ ಕೊನೆಯ ತೊಡಕಾದದ್ದು ಕಾಸರಗೋಡಿನ ಕೊಳವೆ ಎಳೆಯಲು ಚಂದ್ರಗಿರಿ ಹೊಳೆಯ ಅಡಿಯಲ್ಲಿ ರಂಧ್ರ ಕೊರೆಯುವ ಕೆಲಸ. ನಮ್ಮ ಕರಾವಳಿಯುದ್ದಕ್ಕೂ ಕೊಳವೆ ಹಾಕುವುದಾದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನಾಲ್ಕೂ ದಾಟಬೇಕು. ಹೊಳೆಯ ತಳದಲ್ಲಿ ಬಂಡೆ, ಮರಳು ಬೆರೆತಿದ್ದರೆ ಕೊರೆದ ರಂಧ್ರ ಕುಸಿಯುತ್ತದೆ, ರಂಧ್ರ ಕುಸಿಯದಂತೆ ತುಂಬುವ ಬೆಂಟೊನೈಟ್ ಜೇಡಿಯ ಕೆಸರು ಬಿರುಕಿನಲ್ಲಿ ಇಂಗಿಹೋಗುತ್ತದೆ, ಎಳೆಯುತ್ತಿದ್ದ ಕೊಳವೆ ನಡುವೆ ಸಿಕ್ಕಿಕೊಳ್ಳುತ್ತದೆ. 300 ಕೋಟಿ ಸಾಲ, ಶೇ. 9 ಬಡ್ಡಿ ಎಂದಿಟ್ಟುಕೊಳ್ಳಿ: ಒಂದು ಹೊಳೆ ಒಂದು ವರ್ಷ ತಡೆದರೆ 27 ಕೋಟಿ ಬಡ್ಡಿ, ಗಿರಾಕಿಗೆ ಕೊಟ್ಟ ಬಿಲ್ಲು ಮಾತ್ರ ಒಂದೂ ಇರುವುದಿಲ್ಲ. ಸಮುದ್ರದ ಕಡೆಯೂ ಖರ್ಚಿದೆ. ಅಲೆತಡೆ ಗೋಡೆ ಪೂರ್ಣವಾಗದೆ ದಾಭೋಳದ ಟರ್ಮಿನಲ್ಲಿಗೆ ವರ್ಷಗಟ್ಟಲೆ ಮಳೆಗಾಲದಲ್ಲಿ ಹಡಗು ತರಲಾಗುತ್ತಿರಲಿಲ್ಲ. ಆದ್ದರಿಂದ ಇಲ್ಲೊಂದು ಟರ್ಮಿನಲ್ ಬೇಕೆನ್ನುವವರು ಮೊದಲು ಗಿರಾಕಿಗಳ ಹೆಸರು ಹೇಳಲಿ.

ಈಗ ನಿಮ್ಮ ಅಡುಗೆಮನೆ. ದಾಭೋಳ–ಬೆಂಗಳೂರು ಕೊಳವೆ ಘಟ್ಟದ ಮೇಲೆ ಬೆಳಗಾವಿ, ಧಾರವಾಡದ ಮಾರ್ಗವಾಗಿ ಹೋಗುತ್ತದೆ, ಹಾಗಾಗಿ ಅವರಿಗೆ ಹತ್ತಿರ. ನಗರ ಅನಿಲ ವಿತರಣೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಹಾವೇರಿ, ಶಿವಮೊಗ್ಗದ ಜೊತೆ ಸೇರಿಸಿ ಒಂದೇ ಪ್ರದೇಶ ಮಾಡಿದ್ದಾರೆ. ಲೈಸೆನ್ಸ್ ಪಡೆದವರು ಎಲ್ಲಿ ಬೇಗ ದುಡ್ಡು ಹುಟ್ಟುತ್ತದೋ ಅಲ್ಲಿಂದ ಶುರು ಮಾಡುವುದು ಸಹಜ. ಒಂದು ಮನೆಗೆ ದಿನಕ್ಕೆ ಅರ್ಧ ಘನ ಮೀಟರ್ ಗ್ಯಾಸು ಸಾಕು. ದಿನಕ್ಕೆ 60 ಕೆ.ಜಿ. ಸಿಎನ್‌ಜಿ ಸುಡುವ ಬಸ್ಸಿಗೆ ಸುಮಾರು 84 ಘನ ಮೀಟರ್ ಬೇಕು. ಅಂದರೆ ಒಂದು ಬಸ್ಸು 160ಕ್ಕೂ ಹೆಚ್ಚು ಮನೆಗಳಿಗೆ ಸಮ. ಬಸ್ಸಿಗೆ ಒಂದು ಬಂಕು ಸಾಕು. ಮನೆಗಳಿಗೋ, ಚಿರೆಕಲ್ಲಿನ ನೆಲದಲ್ಲಿ ಮೀಟರ್ ಆಳ ಅಗೆದು ಎಂಡಿಪಿಇ ಎಂಬ ಪ್ಲಾಸ್ಟಿಕ್ ಪೈಪು ಹಾಕಿ, ಪ್ರತಿ ಅಂಗಳಕ್ಕೂ ರೆಗ್ಯುಲೇಟರ್, ಮೀಟರ್ ಕೊಡಬೇಕು. ಮನೆಗಳು ಒತ್ತೊತ್ತಾಗಿರುವ ಪೇಟೆಯಲ್ಲಿ ಇದು ನಡೆದೀತು. ತೋಟದ ನಡುವೆ ಒಂದೊಂದೇ ಮನೆ ಇರುವ ಶಿರಸಿ ಸೀಮೆಯಲ್ಲಿ ಲೆಕ್ಕ ಕೂಡುವುದಿಲ್ಲ.

ಇಷ್ಟಾದರೂ ನಗರ ಅನಿಲ ಲೈಸೆನ್ಸಿನ 2018ರ 9ನೇ ಸುತ್ತಿನ ಬಿಡ್ಡಿನಲ್ಲಿ ಕೇಂದ್ರದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ 100ರಲ್ಲಿ 50 ಅಂಕವನ್ನು ಮನೆ ಸಂಪರ್ಕಗಳ ಸಂಖ್ಯೆಗೆ ಇಟ್ಟಿತು, ಸಿಎನ್‌ಜಿ ಬಂಕಿಗೆ 20. ದೊಡ್ಡ ಸಂಖ್ಯೆ ಬರೆದವನು ಗೆಲ್ಲುವ ಈ ಪದ್ಧತಿ ನಮಗೆ ಸರಿಕಾಣುವುದಿಲ್ಲ. ಬ್ಯಾಂಕಿನವರು ಆ ಸಂಖ್ಯೆ ನೋಡಿ ಸಾಲ ಕೊಡುವುದಿಲ್ಲ.

ಕೊಳವೆ ಬರುವವರೆಗಿನ ದಾರಿ ಟ್ಯಾಂಕರಿನದು. ಮೈನಸ್ 162 ಡಿಗ್ರಿಯಲ್ಲಿ ದ್ರವವಾದ ಗ್ಯಾಸನ್ನು, ಒಂದು ಟ್ಯಾಂಕರಿಗೆ ಸುಮಾರು 17 ಟನ್, ತಂದು ಇಲ್ಲಿ ಮತ್ತೆ ಅನಿಲವಾಗಿಸಬಹುದು. ಬಂಡವಾಳ ಕಡಿಮೆ, ಗಿರಾಕಿ ಕುದುರದಿದ್ದರೆ ತೊಟ್ಟಿ ಕಿತ್ತು ಬೇರೆಡೆ ಒಯ್ಯಬಹುದು. ಸಾಲ ಕೊಡುವವರಿಗೆ ಇದೇ ಹಿಡಿಸುತ್ತದೆ. ಆದರೆ ಇದು ರಸ್ತೆಯನ್ನೇ ನಂಬಿದ ವ್ಯವಸ್ಥೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಬಂದಾದದ್ದೂ, ಗ್ಯಾಸ್ ಟ್ಯಾಂಕರೊಂದು ಗಂಗಾವಳಿಯಲ್ಲಿ ತೇಲಿಹೋದದ್ದೂ ನಿಮಗೆ ನೆನಪಿರಬಹುದು. ಕುಮಟಾ–ಶಿರಸಿ ರಸ್ತೆಯ ದೇವಿಮನೆ ಘಟ್ಟದ್ದೂ ಮಳೆಗಾಲದಲ್ಲಿ ನಂಬುವಂಥ ಕತೆಯಲ್ಲ. ಎರಡು ದಿನದ ದಾಸ್ತಾನು ಇಟ್ಟುಕೊಂಡು ಇಲ್ಲಿ ವ್ಯವಹಾರ ಮಾಡಲಾಗದು. ತೊಟ್ಟಿ ದೊಡ್ಡದಾಗಬೇಕು, ಆಗ ಯೂನಿಟ್ಟಿನ ದರವೂ ಏರುತ್ತದೆ.

ನೀವು ಪುರಸಭೆಯಲ್ಲಿ ಕೇಳುವುದಾದರೆ ‘ನಮ್ಮ ಓಣಿಗೆ ಯಾವಾಗ’ ಎಂಬುದನ್ನು ಆಮೇಲೆ ಕೇಳಿ. ವಾಯವ್ಯ ಸಾರಿಗೆಯ ಕುಮಟಾ, ಶಿರಸಿ ಡಿಪೊಗಳಿಗೆ ಸಿಎನ್‌ಜಿ ಬಸ್ಸು ಬರಲಿವೆಯೇ, ಎಷ್ಟು, ಹೋಟೆಲು–ಆಸ್ಪತ್ರೆಗಳಲ್ಲಿ ಯಾರು ಬರವಣಿಗೆಯಲ್ಲಿ ಒಪ್ಪಿದ್ದಾರೆ, ಮಳೆಗಾಲಕ್ಕೆ ಎಷ್ಟು ದಿನದ ದಾಸ್ತಾನು, ಇವನ್ನು ಮೊದಲು ಕೇಳಿ. ಅಗೆದ ರಸ್ತೆ ಸರಿಪಡಿಸುವ ಠೇವಣಿಯನ್ನು ಕೆಲಸಕ್ಕೆ ಮುಂಚೆಯೇ ಕಟ್ಟಿಸಿಕೊಂಡಿದ್ದಾರೆಯೇ ಎಂಬುದನ್ನೂ ಸೇರಿಸಿ.