ಯೋಗ ಮಾಡುವಾಗ ನನ್ನನ್ನೇ ಬೈದುಕೊಳ್ಳುತ್ತೇನೆ, ಏನು ಮಾಡಲಿ?

ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ಕೈ ಪಾದಕ್ಕೆ ಎಟುಕದಿದ್ದರೆ ನಿಮ್ಮ ಮೇಲೇ ಸಿಟ್ಟು ಬರುತ್ತದೆ ಅಂದಿದ್ದೀರಿ. ನನಗೂ ಬರುತ್ತಿತ್ತು. ತುಮಕೂರಿನ ಅಮಾನಿಕೆರೆ ಪಾರ್ಕಿನಲ್ಲಿ ಚಾಪೆ ಹಾಸಿದರೆ ಕಣ್ಣೆಲ್ಲ ಪಕ್ಕದವರ ಮೇಲೆಯೇ!

ಪತಂಜಲಿಯ ಯೋಗಸೂತ್ರ (2.46) ಆಸನದ ಬಗ್ಗೆ ಹೇಳುವುದು ಎರಡೇ ಮಾತು: ಸ್ಥಿರವಾಗಿರಬೇಕು, ಸುಖವಾಗಿರಬೇಕು. ಪಾದ ಮುಟ್ಟಲೇಬೇಕು ಅಂತ ಅಲ್ಲಿಲ್ಲ. ಮೊಣಕಾಲು ತುಸು ಮಡಚಿ, ಕೈ ಎಲ್ಲಿಗೆ ಬರುತ್ತದೋ ಅಲ್ಲೇ ಬಿಡಿ. ಐದು ಉಸಿರು ಎಣಿಸಿ. ಹೊರಬಿಡುವ ಉಸಿರು ಸ್ವಲ್ಪ ಉದ್ದವಿರಲಿ. ತೊಡೆಯ ಹಿಂಭಾಗ ಎಳೆಯುವುದನ್ನು ಗಮನಿಸಿ. 'ಥೂ, ನನ್ನ ಕೈಲಾಗಲ್ಲ' ಅನ್ನಿಸಿದರೆ ಅದನ್ನೂ ಸುಮ್ಮನೆ ಗಮನಿಸಿ, ಮತ್ತೆ ಉಸಿರಿಗೆ ಬನ್ನಿ. ನಿಮ್ಮ ತಂಗಿ ಹೀಗೆ ಒದ್ದಾಡುತ್ತಿದ್ದರೆ ಏನು ಹೇಳುತ್ತಿದ್ದಿರೋ ಅದನ್ನೇ ನಿಮಗೂ ಹೇಳಿಕೊಳ್ಳಿ. ಚುಚ್ಚುವ ನೋವಿದ್ದರೆ ಮಾತ್ರ ಆಸನ ಬಿಟ್ಟುಬಿಡಿ.

ಕೊನೆಗೆ ಅಂಗಾತ ಮಲಗಿ ವಿಶ್ರಮಿಸುವ ಶವಾಸನ ತಪ್ಪಿಸಬೇಡಿ, ಟೈಮಿಲ್ಲ ಅಂತ ನಾವು ಮೊದಲು ಕತ್ತರಿ ಹಾಕುವುದು ಅದಕ್ಕೇ.