ಓದುಗರ ಪ್ರಶ್ನೆ: ಬಿ.ಎಲ್. ರೈಸ್ ಮತ್ತು ನಮ್ಮೂರ ಶಾಸನ

ಪ್ರಶ್ನೆ: ಶಿಕ್ಷಣ ಇಲಾಖೆಯಲ್ಲಿದ್ದ ರೈಸ್ ಶಾಸನಗಳ ಕೆಲಸಕ್ಕೆ ಬಂದದ್ದು ಹೇಗೆ? (ತುಮಕೂರು)

ಉತ್ತರ: ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲೇ. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಇಂಗ್ಲೆಂಡಿನಲ್ಲಿ ಓದಿ ಬಂದು 1860ರಲ್ಲಿ ಬೆಂಗಳೂರಿನಲ್ಲಿ ಮುಖ್ಯೋಪಾಧ್ಯಾಯರಾದರು. ಆಮೇಲೆ ಮೈಸೂರು, ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್. ತನಿಖೆಗೆಂದು ಹಳ್ಳಿ ಸುತ್ತುವಾಗಲೇ ಶಾಸನಗಳ ಕಡೆ ಗಮನ ಹರಿಯಿತು. ಮೇಜರ್ ಡಿಕ್ಸನ್ ತೆಗೆಸಿದ್ದ ಶಾಸನಗಳ ಫೋಟೋ ಓದಿ ಅನುವಾದಿಸಿದ್ದು 1879ರಲ್ಲಿ ಪುಸ್ತಕವಾಯಿತು. 1886ರಿಂದ 1905ರೊಳಗೆ ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳು, ಸುಮಾರು 9,000 ಶಾಸನಗಳು ಹೊರಬಂದವು. ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದವರೂ ಅವರೇ. 1906ರಲ್ಲಿ ನಿವೃತ್ತರಾದಾಗ ಆರ್. ನರಸಿಂಹಾಚಾರ್ಯರು ಶಾಸನಗಳ ಕೆಲಸದ ಹೊಣೆ ಹೊತ್ತರು. ರೈಸ್ ತೀರಿಕೊಂಡದ್ದು 1927ರಲ್ಲಿ, ಇಂಗ್ಲೆಂಡಿನಲ್ಲಿ.

ಪ್ರಶ್ನೆ: ನಮ್ಮೂರ ಕಲ್ಲನ್ನು ರೈಸ್ ಓದಿದ್ದಾರಂತೆ. ದಾವಣಗೆರೆ ಜಿಲ್ಲೆಯ ಹೆಸರಿನಲ್ಲಿ ಸಂಪುಟವೇ ಸಿಗುತ್ತಿಲ್ಲ. (ಹೊನ್ನಾಳಿ)

ಉತ್ತರ: ಸಿಗುವುದಿಲ್ಲ, ಏಕೆಂದರೆ ಆಗ ಆ ಜಿಲ್ಲೆಯೇ ಇರಲಿಲ್ಲ. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಆದ್ದರಿಂದ 7ನೇ ಸಂಪುಟ ತೆರೆಯಿರಿ. ದಾವಣಗೆರೆ ತಾಲೂಕಿನವರು ಚಿತ್ರದುರ್ಗದ 11ನೇ ಸಂಪುಟ ನೋಡಬೇಕು. ಮಂಡ್ಯದವರಿಗೆ ಮೈಸೂರು ಜಿಲ್ಲೆಯ 3 ಮತ್ತು 4. ಸಂಪುಟದೊಳಗೆ ತಾಲೂಕಿನ ಹೆಸರಿನ ಮೊದಲಕ್ಷರಗಳು ಮತ್ತು ಕ್ರಮಸಂಖ್ಯೆ ಇರುತ್ತವೆ: ತಾಳಗುಂದದ ಕದಂಬ ಸ್ತಂಭ ಶಿಕಾರಿಪುರ 176, ಬೇಲೂರಿನ ವಿಷ್ಣುವರ್ಧನನ ಶಾಸನ ಬೇಲೂರು 58. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟವೂ ಸಂಖ್ಯೆಯೂ ಬದಲಾಗಿವೆ. ಉಲ್ಲೇಖಿಸುವಾಗ ಯಾವ ಆವೃತ್ತಿ ಎಂದು ಬರೆಯದಿದ್ದರೆ ಮುಂದಿನವರು ಬೇರೆಯದೇ ಕಲ್ಲಿನ ಪಾಠ ತೆರೆದು ಕೂರುತ್ತಾರೆ. ಊರ ಹೆಸರನ್ನೂ ನಾಲ್ಕು ರೀತಿ ಬರೆದು ಹುಡುಕಿ. ಹಳೆಯ ಇಂಗ್ಲಿಷ್ ಕಾಗುಣಿತ ಈಗಿನದಕ್ಕೆ ಹೊಂದುವುದು ಅಪರೂಪ.

ಕಾಲ ಲೆಕ್ಕಕ್ಕೆ ಶಕವರ್ಷಕ್ಕೆ 78 ಕೂಡಿಸಿ. ಪುಷ್ಯದ ನಡುವಿನಿಂದ ಫಾಲ್ಗುಣದವರೆಗಿನ ತಿಥಿಯಾದರೆ ಸಾಮಾನ್ಯವಾಗಿ 79. ಬೇಲೂರಿನದು ಶಕ 1039, ಹೇವಿಳಂಬಿ, ಚೈತ್ರ, ಅಂದರೆ 1117. ಸಂವತ್ಸರವನ್ನು ತಾಳೆ ನೋಡದೆ ಬಿಡಬೇಡಿ. 60 ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ: 2017 ಹೇವಿಳಂಬಿ, ಅದರಿಂದ 900 ಕಳೆದರೆ 1117. ತಾಳೆಯಾಗದಿದ್ದರೆ ಮೊದಲು ಅಂಕಿಯ ಓದನ್ನು ಅನುಮಾನಿಸಿ. ಸವೆದ ಕಲ್ಲಿನಲ್ಲಿ ಅಂಕಿಯೇ ಹೆಚ್ಚು ಮೋಸ ಮಾಡುವುದು.

ಪ್ರಶ್ನೆ: ಅಕ್ಷರ ಕಾಣಲು ಸುಣ್ಣ ಬಳಿಯಬಹುದೇ? ಅಚ್ಚು ತೆಗೆಯುವುದು ಹೇಗೆ? (ಸಾಗರ)

ಉತ್ತರ: ದಯವಿಟ್ಟು ಬಳಿಯಬೇಡಿ. ಸುಣ್ಣ, ಎಣ್ಣೆ, ಬಣ್ಣ ಯಾವುದೂ ಬೇಡ; ಗೀರಿನಲ್ಲಿ ಕೂತದ್ದನ್ನು ಕೆರೆಯಹೋದರೆ ಅಕ್ಷರವೇ ಹೋಗುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಪಕ್ಕದಿಂದ ಹಿಡಿದು, ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ಫೋಟೋ ತೆಗೆಯಿರಿ. ಹೆಚ್ಚಿನ ಓದಿಗೆ ಇಷ್ಟು ಸಾಕು.

ಅಚ್ಚು ಬೇಕೇ ಬೇಕೆಂದರೆ, ಸಂರಕ್ಷಿತ ಸ್ಮಾರಕಕ್ಕೆ ಪುರಾತತ್ವ ಇಲಾಖೆಯ ಅನುಮತಿ ಪಡೆಯಿರಿ. ಕಲ್ಲನ್ನು ನೀರು ಮತ್ತು ಮೆತ್ತನೆಯ ಬ್ರಷ್‌ನಿಂದ ತೊಳೆದು, ನೆನೆಸಿದ ತೆಳು ಕಾಗದ ಹೊದಿಸಿ, ನಡುವಿನಿಂದ ಅಂಚಿನತ್ತ ಬ್ರಷ್‌ನಿಂದ ತಟ್ಟುತ್ತ ಗಾಳಿ ಹೊರಡಿಸಿ. ಹರಿದ ಕಡೆ ತುಂಡು ಕಾಗದ ಒದ್ದೆ ಮಾಡಿ ಅಂಟಿಸಿ. ಕಾಗದದ ಹೊಳಪು ಹೋಗಿ ತೇವ ಮಾತ್ರ ಉಳಿದಾಗ, ಬಟ್ಟೆಯ ಉಂಡೆಗೆ ಮಸಿ ತುಸುವೇ ಹಚ್ಚಿ ಒತ್ತಿ. ನೀರಿರುವಾಗಲೇ ಒತ್ತಿದರೆ ಮಸಿ ಹರಡಿ ಕಲ್ಲಿಗೂ ಇಳಿಯುತ್ತದೆ. ಪೂರ್ತಿ ಒಣಗಿದರೆ ಕಾಗದ ಎದ್ದು ಗೀರಿನ ಅಂಚು ಮಸುಕಾಗುತ್ತದೆ. ಅಕ್ಷರ ಬಿಳಿಯಾಗಿ ಮೂಡಿದ ಮೇಲೆ, ಪೂರ್ತಿ ಒಣಗಲು ಬಿಟ್ಟು, ಮೇಲಿನ ಮೂಲೆಯಿಂದ ನಿಧಾನವಾಗಿ ಬಿಡಿಸಿ. ಊರು, ಕಲ್ಲಿರುವ ಜಾಗ, ತಾರೀಕು ಹಿಂಬದಿಗೆ ಅಲ್ಲೇ ಪೆನ್ಸಿಲಿನಲ್ಲಿ ಬರೆಯಿರಿ.